ಬ್ರೇಕ್ ಅಕ್ಕನ ಚೀಟಿ

ಕಾರು ಕಲಿಸುವ ಆ ಹೆಂಗಸಿಗೆ ಬ್ರೇಕ್ ಅಕ್ಕ ಎಂಬ ಹೆಸರು ಬಿದ್ದದ್ದು ಅವಳ ಬಲಗಾಲಿನಿಂದ. ಅವಳ ಕಾರಿನಲ್ಲಿ ಓಡಿಸುವವರಿಗೆ ಇರುವಂತೆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಕಲಿಯುವವರು ಗಾಬರಿಯಿಂದ ಕಾಲು ಹುಡುಕುವಷ್ಟರಲ್ಲಿ ಅವಳು ಅದನ್ನು ಒತ್ತಿ ಆಗಿರುತ್ತಿತ್ತು. ಹತ್ತೊಂಬತ್ತು ವರ್ಷ ಹಾಗೆ ಒತ್ತಿ ಒತ್ತಿ, ಬಸ್ಸಿನಲ್ಲಿ ಕೂತಾಗಲೂ ಎದುರಿಗೆ ಏನಾದರೂ ಬಂದರೆ ಅವಳ ಕಾಲು ತಾನಾಗಿಯೇ ನೆಲವನ್ನು ತುಳಿಯುತ್ತಿತ್ತು. "ನಿಂದು ಒಂದೇ ಚಪ್ಪಲಿ ಯಾಕೆ ಸವೆಯುತ್ತೆ ಅಂತ ಈಗ ತಿಳೀತು" ಎಂದು ಅವಳ ಅಮ್ಮ ನಗುತ್ತಿದ್ದಳು.

ಮನೆಯಲ್ಲಿ ಇದ್ದವರು ಅಮ್ಮ ಮತ್ತು ಅವಳು, ಇಬ್ಬರೇ. ಮೊದಲು ಅವಳು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಜಿ ತುಂಬುವ ಕೆಲಸಕ್ಕೆ ಸೇರಿದ್ದು. ಅಕ್ಷರ ಮುತ್ತಿನಂತಿತ್ತು, ಅದಕ್ಕೇ ತೆಗೆದುಕೊಂಡಿದ್ದರು. ಸ್ಟೇರಿಂಗ್ ಹಿಡಿದ ಕೂಡಲೇ ಅಳುವ ಹೆಂಗಸರಿಗೆ ಕಲಿಸಲು ಅಲ್ಲಿನ ಗಂಡಸರಿಗೆ ತಾಳ್ಮೆ ಇರಲಿಲ್ಲ. ಇವಳಿಗೆ ಇತ್ತು. ಹಾಗಾಗಿ ಅರ್ಜಿಯ ಮೇಜಿನಿಂದ ಪಕ್ಕದ ಸೀಟಿಗೆ ಬಂದಳು. ಯಜಮಾನರು ಕೆಲಸ ಬಿಟ್ಟಾಗ ಅವರ ಕೋಣೆಯೂ ಇವಳ ಪಾಲಿಗೆ ಬಂತು. ಟೈರ್ ಅಂಗಡಿಯ ಪಕ್ಕದ ಒಂದು ಕೋಣೆ. ಬಿಳಿ ಬೋರ್ಡು, ನಾಲ್ಕು ಕುರ್ಚಿ, ಮೇಜಿನ ಮೇಲೆ ಬಣ್ಣದಲ್ಲಿ ಬರೆದ ರಸ್ತೆ, ಆ ರಸ್ತೆಯ ಮೇಲೆ ಓಡಾಡಿಸಲು ಐದಾರು ಆಟದ ಕಾರು.

ಅವಳ ಪಾಠಗಳಲ್ಲಿ ಹೆಸರಾದದ್ದು ಕೊನೆಯ ಪಾಠ. ಗುದ್ದಿದ ಮೇಲೆ ಏನು ಮಾಡಬೇಕು ಎಂಬ ಪಾಠ ಅದು. ಬೇರೆ ಯಾರೂ ಅದನ್ನು ಕಲಿಸುತ್ತಿರಲಿಲ್ಲ. ಅವಳು ಕೈ ಎತ್ತಿ ಬೆರಳು ಮಡಚುತ್ತ ಹೇಳುತ್ತಿದ್ದಳು. ಹೆಸರು, ಫೋನ್ ನಂಬರು, ಗಾಡಿ ನಂಬರು, ಇನ್ಶೂರೆನ್ಸ್ ಕಂಪನಿ, ಪಾಲಿಸಿ ನಂಬರು. ಐದು ಬೆರಳಿಗೆ ಐದು ವಿಷಯ. ಎದುರಿನವರಿಗೆ ಈ ಐದನ್ನೂ ಕೊಡಬೇಕು, ಅವರದ್ದೂ ತಗೊಳ್ಳಬೇಕು. ಆಮೇಲೆ ನಾಟಕ. ಅವಳು ತೋಳು ಮಡಚಿಕೊಂಡು ಸಿಟ್ಟಿನ ಲಾರಿಯವನಾಗಿ ಎದುರು ನಿಲ್ಲುವಳು, ಕಣ್ಣು ಕಾಣಲ್ವಾ ಎಂದು ಗದರುವಳು. ಕಲಿಯುವವರು ನಡುಗದೆ, ನಿಮಗೆ ಪೆಟ್ಟಾಯ್ತಾ ಎಂದು ಮೊದಲು ಕೇಳಿ, ಚೀಟಿ ಕೊಡಬೇಕು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಯಾರೂ ಮರೆಯುತ್ತಿರಲಿಲ್ಲ.

ಚೀಟಿಯ ವಿಷಯದಲ್ಲಿ ಅವಳದೊಂದು ನಿಯಮವಿತ್ತು. ಗುದ್ದಿದಾಗ ಕೈ ನಡುಗುತ್ತದೆ, ಆಗ ಬರೆಯಲು ಹೋದರೆ ನಂಬರು ತಪ್ಪುತ್ತದೆ. ಕೈ ಗಟ್ಟಿಯಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಈ ಕಾರು ಕೊಂಡ ವಾರವೇ ಅವಳು ದಪ್ಪ ಕಾಗದವನ್ನು ಕತ್ತರಿಸಿ, ಐವತ್ತು ಚೀಟಿ ಬರೆದು, ರಬ್ಬರ್ ಬ್ಯಾಂಡ್ ಹಾಕಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಪಾಠದ ನಾಟಕಕ್ಕೂ ಅವೇ ಬಳಕೆಯಾಗುತ್ತಿದ್ದವು. ನಿಜವಾಗಿ ಕೊಡುವ ಪ್ರಸಂಗ ಮೂರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಬಂದದ್ದು ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಕಲಿಯುವವರು ಯಾರೂ ಜೊತೆಗಿರಲಿಲ್ಲ. ಬೋರ್ಡಿಗೆ ಪೆನ್ನು ಕೊಂಡು, ಪುಸ್ತಕದ ಅಂಗಡಿಯ ಮುಂದಿನಿಂದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಒಂದು ಕನ್ನಡಿ ನೋಡಿದಳು, ಇನ್ನೊಂದನ್ನು ನೋಡಲಿಲ್ಲ. ಇದನ್ನೇ ಬೇರೆ ಯಾರಾದರೂ ಮಾಡಿದ್ದರೆ ಅವಳ ಕಾಲು ಬ್ರೇಕ್ ಒತ್ತಿರುತ್ತಿತ್ತು. ಆ ದಿನ ಪಕ್ಕದ ಸೀಟು ಖಾಲಿಯಿತ್ತು.

ಹಿಂದೆ ನಿಂತಿದ್ದು ಬೀಗದ ಕೈ ಮಾಡುವವನ ಸ್ಕೂಟರು. ಅವನು ಅದರ ಮೇಲೆ ಕೂತು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದ. ಕಾರು ತಗುಲಿದ್ದು ಮೆಲ್ಲಗೆ, ಆದರೆ ಸ್ಕೂಟರು ಅವನ ಸಮೇತ ಮಗುಚಿತು. ಹಿಂದೆ ಕಟ್ಟಿದ್ದ ಮರದ ಪೆಟ್ಟಿಗೆ ಬಾಯಿಬಿಟ್ಟು ಬೀಗದ ಕೈಗಳೆಲ್ಲ ರಸ್ತೆಯ ಮೇಲೆ ಚೆಲ್ಲಿದವು. ಬೀಗದ ಕೈ ಕತ್ತರಿಸುವ ಪುಟ್ಟ ಯಂತ್ರವೂ ಬಿದ್ದು, ಅದರ ಚಕ್ರದ ಕಂಬಿ ಬಾಗಿತು. ಅವನ ಕಾಲಿನ ಹರಡು ಉಳುಕಿತು.

ಬ್ರೇಕ್ ಅಕ್ಕ ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು. ಎಂಜಿನ್ ಆರಿಸಿದಳು, ಇಳಿದಳು, ಪೆಟ್ಟಾಯ್ತಾ ಎಂದು ಕೇಳಿದಳು. ಅವನನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ತಾನೇ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಗದ ಕೈಗಳನ್ನು ಒಂದೊಂದಾಗಿ ಆರಿಸಿದಳು. ಆಮೇಲೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಚೀಟಿ ತಂದು ಕೊಟ್ಟಳು. ಅವನ ನಂಬರನ್ನೂ ಅಂಗಡಿಯ ಗುರುತನ್ನೂ ಇನ್ನೊಂದು ಚೀಟಿಯ ಬೆನ್ನಿಗೆ ಬರೆದುಕೊಂಡಳು. ತಾನು ಗಾಡಿಯಲ್ಲಿದ್ದರೆ ಫೋನ್ ಎತ್ತುವುದಿಲ್ಲ, ಇಳಿದ ಮೇಲೆ ತಾನೇ ಮಾಡುತ್ತೇನೆ ಎಂದೂ ತಿಳಿಸಿದಳು.

ಅವನು ಚೀಟಿಯನ್ನು ನಿಧಾನವಾಗಿ ಓದಿದ. "ಅಕ್ಷರ ಎಷ್ಟು ಚೆನ್ನಾಗಿದೆ" ಎಂದ. "ಈ ಸ್ಕೂಟರಿಗೆ ಗುದ್ದಿದೋರೆಲ್ಲ ಇದುವರೆಗೂ ಓಡಿಹೋದೋರೇ. ನಿಂತು ಚೀಟಿ ಕೊಟ್ಟೋರು ನೀವೊಬ್ರೇ ಕಣಮ್ಮ." ಹಾಗೆಂದು ಅದನ್ನು ಮಡಚಿ, ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯೊಳಗಿಟ್ಟು, ಟಕ್ಕೆಂದು ಮುಚ್ಚಿದ.

"ನಾನು ಇದನ್ನೇ ಕಲಿಸೋದು" ಎಂದಳು ಅವಳು. ಆ ಮಾತು ಆಮೇಲೆ ಅವಳನ್ನು ಬಹಳ ದಿನ ಸುಟ್ಟಿತು. ಯಾಕೆಂದರೆ ಅದನ್ನು ಹೇಳುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮಧ್ಯಾಹ್ನ ಮನೆಗೆ ಬಂದು, ವಿಮೆ ಕಂಪನಿಗೆ ತಿಳಿಸೋಣವೆಂದು ಬೀರುವಿನಿಂದ ಫೈಲು ತೆಗೆದಳು. ಪಾಲಿಸಿಯ ಮೇಲೆ ಬೇರೆ ಕಂಪನಿಯ ಹೆಸರಿತ್ತು. ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಅರ್ಥವಾದಾಗ ಮೈ ಬಿಸಿಯಾಯಿತು. ಹೋದ ವರ್ಷ ಅವಳೇ ಕಂಪನಿ ಬದಲಿಸಿದ್ದಳು. ಚೀಟಿಗಳನ್ನು ಬದಲಿಸಿರಲಿಲ್ಲ. ಐವತ್ತು ಚೀಟಿಯಲ್ಲೂ ಇದ್ದದ್ದು ಹಳೆಯ ಕಂಪನಿ, ವರ್ಷದ ಹಿಂದೆಯೇ ಮುಗಿದ ಪಾಲಿಸಿ. ಕೈ ಗಟ್ಟಿಯಿದ್ದಾಗ ಬರೆದದ್ದು ನಿಜ, ನಂಬರಿನಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಆ ಚೀಟಿಗೆ ಈಗ ಮೂರು ಕಾಸಿನ ಬೆಲೆಯೂ ಇರಲಿಲ್ಲ.

ತಿದ್ದುವುದು ಕಷ್ಟದ ಕೆಲಸವಾಗಿರಲಿಲ್ಲ. ಒಂದು ಫೋನು ಸಾಕಿತ್ತು. ಅವಳು ಫೋನ್ ಕೈಗೆತ್ತಿಕೊಂಡದ್ದೂ ಹೌದು. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು, ಉಂಡು ಮಾಡೋಣ ಎಂದುಕೊಂಡಳು. ಉಂಡ ಮೇಲೆ, ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಮೋಸಗಾತಿ ಎಂದುಕೊಂಡಾನು, ನಾಳೆ ಹೋಗಿಯೇ ಹೇಳೋಣ ಎನಿಸಿತು. ನಾಳೆ ಮೂರು ಕ್ಲಾಸಿದ್ದವು. ನಾಡಿದ್ದು ಹೊರಟಳು, ಅರ್ಧ ದಾರಿಗೆ ಹೋಗಿ ತಿರುಗಿ ಬಂದಳು. ಅದೇ ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದರೆ ಕೊಡಲು ಉತ್ತರವಿರಲಿಲ್ಲ. ಒಂದೊಂದು ದಿನ ಕಳೆದಂತೆ ಆ ಪ್ರಶ್ನೆ ಒಂದೊಂದು ದಿನ ದೊಡ್ಡದಾಗುತ್ತ ಹೋಯಿತು. ಅವನಿಗೆ ಹೇಳದೆ ತನ್ನ ಕಂಪನಿಗೆ ತಿಳಿಸುವುದು ಹೇಗೆ ಎಂದು ಅದನ್ನೂ ಬಿಟ್ಟಳು.

ಐದನೆಯ ದಿನ ಫೋನ್ ಬಂತು. ಅವಳು ಆಗ ಗಾಡಿಯಲ್ಲಿರಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ನಂಬರು ನೋಡಿ ಫೋನನ್ನು ಮಗುಚಿಟ್ಟಳು. ಅದು ಕಟ್ಟೆಯ ಮೇಲೆ ಗುಂಯ್‌ಗುಟ್ಟುತ್ತ ಲೋಟದವರೆಗೆ ಸರಿಯಿತು.

"ಯಾರೇ ಅದು? ಎತ್ತಬಾರದಾ" ಎಂದಳು ಅಮ್ಮ.

"ಸಾಲ ಬೇಕಾ ಅಂತ ಕೇಳೋರು."

"ಬೇಡ ಅನ್ನೋಕಾದ್ರೂ ಎತ್ತು. ಅವರದ್ದೂ ಹೊಟ್ಟೆಪಾಡು."

ಮುಂದಿನ ವಾರದಲ್ಲಿ ಐದು ಸಲ ಬಂತು. ಐದು ಸಲವೂ ಅವಳು ಎತ್ತಲಿಲ್ಲ. ಆಮೇಲೆ ಬರುವುದು ನಿಂತಿತು. ನಿಂತರೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಫೋನ್ ಬಡಿದುಕೊಳ್ಳದೆ ಸುಮ್ಮನಿದ್ದಾಗಲೇ ಅದನ್ನು ನೋಡಲು ಹೆಚ್ಚು ಕಷ್ಟವಾಗುತ್ತಿತ್ತು. ಬಾಗಿದ ಕಂಬಿ ನೆನಪಾಗುತ್ತಿತ್ತು. ಆ ಯಂತ್ರವಿಲ್ಲದೆ ಅವನು ಏನು ಮಾಡುತ್ತಿದ್ದಾನೋ ಎಂದು ಯೋಚನೆ ಬಂದ ಕೂಡಲೇ ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಬೀಗ ಹಾಕಿ ಹೊರಡುವಾಗ ಕೈಯಲ್ಲಿನ ಬೀಗದ ಕೈ ಕೂಡ ಅವಳನ್ನು ಏನೋ ಕೇಳುವಂತಿತ್ತು.

ಇಪ್ಪತ್ತಮೂರನೆಯ ದಿನ, ಆಗ ಕಲಿಯುತ್ತಿದ್ದ ತಂಡಕ್ಕೆ ಕೊನೆಯ ಪಾಠ. ನಾಲ್ವರು ಹೆಂಗಸರು. ಅವರಲ್ಲಿ ಹಿರಿಯಳು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಟೈಪು ಮಾಡಿ ನಿವೃತ್ತಳಾದವಳು. ಎಲ್ಲರೂ ಅವಳನ್ನು ಟೈಪಿಸ್ಟ್ ಅಮ್ಮ ಎನ್ನುತ್ತಿದ್ದರು. ಬಾಡಿಗೆ ಚೀಟಿಯಾಗಲಿ, ಅಂಗಡಿಯ ಬೋರ್ಡಾಗಲಿ, ಎದುರಿಗೆ ಬಂದದ್ದನ್ನೆಲ್ಲ ತಪ್ಪು ಹುಡುಕುವವಳ ಹಾಗೆ ಓದುವುದು ಅವಳ ಅಭ್ಯಾಸ. ಬೆರಳು ಮಡಚುವ ಪಾಠ ಮುಗಿದು ಎಲ್ಲರೂ ಕಾರಿನ ಬಳಿ ಬಂದಾಗ ಅವಳು ಒಂದು ಬೇಡಿಕೆ ಇಟ್ಟಳು.

"ಪ್ರತಿ ಸಲ ನೀವೇ ಬೈಯೋದು ನ್ಯಾಯ ಅಲ್ಲ ಟೀಚರ್. ಮೂವತ್ತು ವರ್ಷ ಬೈಸ್ಕೊಂಡೇ ಬಂದೆ. ಒಂದ್ಸಲ ನಾನು ಬೈತೀನಿ."

ಉಳಿದವರು ಚಪ್ಪಾಳೆ ತಟ್ಟಿದರು. ಬ್ರೇಕ್ ಅಕ್ಕ ಗುದ್ದಿದವಳಾದಳು. ಟೈಪಿಸ್ಟ್ ಅಮ್ಮ ಸೊಂಟಕ್ಕೆ ಕೈಯಿಟ್ಟು, "ಏನಮ್ಮಾ, ರಸ್ತೆ ನಿಮ್ಮ ತಾತಂದಾ?" ಎಂದು ಕೇಳಿ, ತಾನೇ ನಾಚಿ ಬಾಯಿ ಮುಚ್ಚಿಕೊಂಡಳು. ಬ್ರೇಕ್ ಅಕ್ಕ ನಿಮಗೆ ಪೆಟ್ಟಾಯ್ತಾ ಎಂದು ಕೇಳಿದಳು. ಅವಳ ಕೈ ಹತ್ತೊಂಬತ್ತು ವರ್ಷದ ರೂಢಿಯಿಂದ ತಾನಾಗಿಯೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹೋಗಿ ಚೀಟಿ ತೆಗೆದು ಕೊಟ್ಟುಬಿಟ್ಟಿತು. ಆ ಚೀಟಿಗಳನ್ನು ಅವಳು ಎಸೆದಿರಲಿಲ್ಲ. ಎಸೆಯಬೇಕಾದರೆ ಮುಟ್ಟಬೇಕಿತ್ತು, ಮುಟ್ಟಲು ಮನಸ್ಸಾಗಿರಲಿಲ್ಲ.

ಟೈಪಿಸ್ಟ್ ಅಮ್ಮ ಕನ್ನಡಕ ಏರಿಸಿ ಓದಿದಳು. "ಐದೂ ಇದೆ. ಆದ್ರೆ ಟೀಚರ್, ಈ ಪಾಲಿಸಿ ಇವತ್ತಿಗೂ ನಡೀತಿದೆ ಅಂತ ಇದ್ರಲ್ಲಿ ಎಲ್ಲಿದೆ? ತಾರೀಖು ಇಲ್ಲದ ಕಾಗದಾನ ನಾವು ಟೈಪೇ ಮಾಡ್ತಿರ್ಲಿಲ್ಲ."

ಬ್ರೇಕ್ ಅಕ್ಕನ ಕಿವಿ ಕೆಂಪಾಗಿ, ಕಣ್ಣು ತುಂಬಿತು. ಒಬ್ಬಳು ಮೆಲ್ಲಗೆ, ಟೀಚರ್ ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತಾರೆ ನೋಡಿ ಎಂದಳು. ಟೈಪಿಸ್ಟ್ ಅಮ್ಮ ಮಾತ್ರ ನಗಲಿಲ್ಲ. ಚೀಟಿಯನ್ನು ವಾಪಸು ಕೊಟ್ಟು, ಇವತ್ತಿಗೆ ಸಾಕು ಬನ್ನಿ ಎಂದು ಉಳಿದವರನ್ನು ಕರೆದುಕೊಂಡು ಹೋದಳು.

ಅವರು ತಿರುವು ದಾಟುವ ತನಕ ಬ್ರೇಕ್ ಅಕ್ಕ ನಿಂತಿದ್ದಳು. ಆಮೇಲೆ ಕಾರು ಹತ್ತಿ, ಈ ಸಲ ಎಲ್ಲೂ ನಿಲ್ಲಿಸದೆ ಹೋದಳು.

ಬೀಗದವನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಳಗೆ ಹೋಗಲು ತಲೆ ತಗ್ಗಿಸಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬೀಗದ ಕೈ. ಅವನು ಕಾಲನ್ನು ಡಬ್ಬದ ಮೇಲೆ ಚಾಚಿ ಕೂತು, ಒಂದು ಬೀಗದ ಕೈಯನ್ನು ಅರದಿಂದ ಉಜ್ಜುತ್ತಿದ್ದ. ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದಿತ್ತು. ಪಕ್ಕದಲ್ಲಿ ಅವನ ಹೆಂಡತಿ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳನ್ನು ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು.

ಅವನು ತಲೆಯೆತ್ತಿದ, ಮುಖ ಅರಳಿತು. "ಬನ್ನಿ, ಬನ್ನಿ. ಬಂದೇ ಬರ್ತಾರೆ ಅಂತ ನಾನು ಹೇಳಿರ್ಲಿಲ್ವಾ?" ಎಂದು ಹೆಂಡತಿಯ ಕಡೆ ತಿರುಗಿದ.

"ಇವರೇನಾ ಚೀಟಿಯವರು" ಎಂದಳು ಹೆಂಡತಿ. ಕೈಕೆಲಸ ನಿಲ್ಲಿಸಲಿಲ್ಲ.

ಬ್ರೇಕ್ ಅಕ್ಕ ಬಾಯಿ ತೆರೆಯುವ ಮುಂಚೆ ಅವನೇ ಶುರು ಮಾಡಿದ. ಕುಂಟು ಕಾಲಿನಲ್ಲಿ ಎರಡು ಬಸ್ಸು ಬದಲಿಸಿ ಚೀಟಿಯಲ್ಲಿದ್ದ ಕಂಪನಿಗೆ ಹೋಗಿದ್ದನಂತೆ. ಗುಮಾಸ್ತ ನಂಬರು ಒತ್ತಿ ನೋಡಿ, ಇದು ಮುಗಿದು ವರ್ಷವಾಯಿತು, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದನಂತೆ. "ನಂಗೆ ಸಿಟ್ಟು ಬಂತು. ಆ ಟೀಚರ್ ಅಂಥೋರಲ್ಲ, ನಿನಗೆ ಕೆಲ್ಸ ಬರಲ್ಲ ಅಂತ ಎಲ್ಲರ ಎದುರಿಗೂ ಅಂದುಬಿಟ್ಟೆ. ವಾಚ್‌ಮನ್ ತೋಳು ಹಿಡಿದು ಆಚೆ ಬಿಟ್ಟ" ಎಂದು ನಕ್ಕ. "ನೀವು ಫೋನ್ ಎತ್ತದೇ ಇದ್ದಾಗ ಇವಳು ಏನೇನೋ ಅಂದ್ಲು. ನಾನಂದೆ, ಕಲಿಸೋ ಕೆಲ್ಸ ಕಣೇ, ಗಾಡೀಲಿದ್ರೆ ಎತ್ತಲ್ಲ ಅಂತ ಅವತ್ತೇ ಹೇಳಿದಾರೆ."

"ಇಪ್ಪತ್ತಮೂರು ದಿನದಿಂದ ಗಾಡಿ ಇಳಿದೇ ಇಲ್ವಾ ಅಂತ ಕೇಳಿ" ಎಂದಳು ಹೆಂಡತಿ ಡಬ್ಬಿಯೊಳಗೆ ನೋಡುತ್ತಲೇ.

ಬ್ರೇಕ್ ಅಕ್ಕ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಅವನು ನೆಪವನ್ನು ಹೂವಿನಂತೆ ಕೈಯಲ್ಲಿಟ್ಟು ನೀಡುತ್ತಿದ್ದ. ಅವಳ ಬಾಯಿಂದ ಹೊರಟದ್ದು, "ಹೌದು, ಈ ತಿಂಗಳು ಕ್ಲಾಸು ಸ್ವಲ್ಪ ಜಾಸ್ತಿ."

"ನೋಡಿದ್ಯಾ?" ಎಂದ ಅವನು ಹೆಂಡತಿಗೆ. ಎಷ್ಟು ಗೆಲುವಿನಿಂದ ಹೇಳಿದನೆಂದರೆ, ಬ್ರೇಕ್ ಅಕ್ಕನಿಗೆ ಅದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ.

"ಇಲ್ಲ" ಎಂದಳು. "ಸುಳ್ಳು ಹೇಳಿದೆ. ಫೋನ್ ಬಂದಾಗ ನಾನು ಮನೇಲೇ ಇದ್ದೆ. ನೋಡೀನೇ ಎತ್ತಲಿಲ್ಲ. ಆ ಗುಮಾಸ್ತ ಹೇಳಿದ್ದು ಸರಿ. ಅದು ಹಳೇ ಪಾಲಿಸಿ. ಕೊಡುವಾಗ ನಂಗೆ ಗೊತ್ತಿರ್ಲಿಲ್ಲ. ಅವತ್ತು ಮಧ್ಯಾಹ್ನವೇ ಗೊತ್ತಾಯ್ತು. ಹೇಳೋಕೆ ಮುಖ ಇರ್ಲಿಲ್ಲ."

ಅರದ ಸದ್ದು ನಿಂತಿತು. ಡಬ್ಬಿಗೆ ಬೀಳುತ್ತಿದ್ದ ಬೀಗದ ಕೈಗಳ ಸದ್ದೂ ನಿಂತಿತು. ಅವನು ಬೈಯುತ್ತಾನೆ ಎಂದು ಅವಳು ಕಾದಳು. ಲಾರಿಯವನಾಗಿ ತಾನು ಎಷ್ಟೋ ಸಲ ಬೈದಿದ್ದಳು, ಬೈಗುಳಕ್ಕೆ ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಅವನು ಬೈಯಲಿಲ್ಲ.

"ಹಾಗಾದ್ರೆ ಆ ಮನುಷ್ಯನಿಗೆ ಕೆಲ್ಸ ಬರುತ್ತೆ" ಎಂದ. ಕೈಯಲ್ಲಿದ್ದ ಬೀಗದ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ನಾನು ಸುಮ್ಸುಮ್ನೆ ಅಂದುಬಿಟ್ಟೆ."

ಬ್ರೇಕ್ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹೆಂಡತಿ ಒಂದು ಸ್ಟೂಲನ್ನು ಕಾಲಿನಿಂದಲೇ ಅವಳ ಕಡೆ ತಳ್ಳಿದಳು. "ಕೂತ್ಕೊಳ್ಳಿ. ನಿಂತು ಅತ್ರೆ ಗಿರಾಕಿಗಳು ನಾವೇ ಅಳಿಸಿದ್ವಿ ಅಂದ್ಕೋತಾರೆ."

ಮರುದಿನ ಬೆಳಗ್ಗೆ ಅವಳು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ತನ್ನ ಈಗಿನ ಕಂಪನಿಯ ಕಚೇರಿಗೆ ಹೊರಟಳು. ಬಟ್ಟೆಯಲ್ಲಿ ಸುತ್ತಿದ ಯಂತ್ರ ಹಿಂದಿನ ಸೀಟಿನಲ್ಲಿತ್ತು. ಅವನು ಪಕ್ಕದಲ್ಲಿ ಕೂತು ಹೊರಗೆ ನೋಡುತ್ತಿದ್ದ. ದೊಡ್ಡ ರಸ್ತೆಗೆ ಬಂದ ಮೇಲೆ ಕಾರು ಇದ್ದಕ್ಕಿದ್ದಂತೆ ನಿಂತಿತು. ಅವಳು ನಿಲ್ಲಿಸಿರಲಿಲ್ಲ. ನೋಡಿದರೆ ಅವನ ಚೆನ್ನಾಗಿದ್ದ ಕಾಲು ಪಕ್ಕದ ಬ್ರೇಕಿನ ಮೇಲಿತ್ತು. ಇಷ್ಟು ವರ್ಷದಲ್ಲಿ ಅದನ್ನು ಅವಳಲ್ಲದೆ ಬೇರೆ ಯಾರೂ ಒತ್ತಿರಲಿಲ್ಲ.

"ಆ ಹಳೇ ಆಫೀಸು ಇಲ್ಲೇ" ಎಂದ. "ಎರಡು ನಿಮಿಷ. ನೀವು ಕೂತಿರಿ."

ಅವನು ಕುಂಟುತ್ತ ಮೆಟ್ಟಿಲು ಹತ್ತುವುದನ್ನು, ವಾಚ್‌ಮನ್ ಗುರುತು ಹಿಡಿದು ಅಡ್ಡ ಬರುವುದನ್ನು ಅವಳು ಗಾಜಿನೊಳಗಿಂದ ನೋಡಿದಳು. ತಪ್ಪು ತನ್ನದು, ತಲೆ ತಗ್ಗಿಸುತ್ತಿರುವುದು ಅವನು. ಕಾರನ್ನು ಪಕ್ಕಕ್ಕೆ ಹಾಕಿ ಅವಳೂ ಹಿಂದೆಯೇ ಹೋದಳು. ಅವನು ಗುಮಾಸ್ತನ ಮುಂದೆ, ಅವತ್ತು ನಾನು ಹಾಗನ್ನಬಾರದಿತ್ತು ಎಂದು ಹೇಳುತ್ತಿದ್ದ. ಸಾಲಿನಲ್ಲಿ ಹತ್ತು ಜನ ನಿಂತಿದ್ದರು.

"ಇವರಿಗೆ ಹಳೇ ನಂಬರು ಕೊಟ್ಟಿದ್ದು ನಾನು" ಎಂದಳು ಅವಳು. ಕೊನೆಯಲ್ಲಿದ್ದವರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. "ಇವರು ನನ್ನ ನಂಬಿ ನಿಮ್ಮ ಹತ್ರ ಜಗಳ ಆಡಿದ್ರು."

ಗುಮಾಸ್ತ ಇಬ್ಬರನ್ನೂ ನೋಡಿ, ಈಗ ತಾನೇನು ಮಾಡಬೇಕು ಎಂದು ಕೇಳಿದ. ಏನೂ ಬೇಡ, ಗೊತ್ತಿರಲಿ ಎಂದು ಬಂದೆವು ಎಂದಳು. ಹೊರಗೆ ಬರುವಾಗ ಬೀಗದವನು ವಾಚ್‌ಮನ್‌ಗೆ, "ಈ ಸಲ ತೋಳು ಹಿಡೀಬೇಡಪ್ಪ, ನಾನೇ ಹೋಗ್ತೀನಿ" ಎಂದ. ವಾಚ್‌ಮನ್ ನಕ್ಕ. ಬೀಗದವನು ನಕ್ಕಿದ್ದು ವಾಚ್‌ಮನ್‌ನ ಕಡೆಗೆ, ಅವಳ ಕಡೆಗಲ್ಲ.

ಹೊಸ ಕಂಪನಿಯ ಕಚೇರಿಯಲ್ಲಿ ಅವಳು ಅವನ ಕೈಗೆ ಹೊಸ ಚೀಟಿ ಕೊಟ್ಟಳು. ಅದರಲ್ಲಿ ಆರನೆಯ ಸಾಲಿತ್ತು. ಪಾಲಿಸಿ ಎಲ್ಲಿಯ ತನಕ ನಡೆಯುತ್ತದೆ ಎಂಬ ತಾರೀಖು. ಅವನು ಎರಡು ಸಲ ಓದಿದ. ಆದರೆ ಕನ್ನಡಕದ ಡಬ್ಬಿ ತೆಗೆಯಲಿಲ್ಲ. ಚೀಟಿಯನ್ನು ನೇರವಾಗಿ ಅಧಿಕಾರಿಯ ಮೇಜಿನ ಮೇಲಿಟ್ಟು, "ಈ ನಂಬರು ನಡೀತಿದೆಯಾ, ಒಂದ್ಸಲ ನೋಡಿ ಹೇಳಿ" ಎಂದ.

ಅವಳು ಪಕ್ಕದಲ್ಲೇ ನಿಂತಿದ್ದಳು. ಅಧಿಕಾರಿ ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಅದು ಸರಿಯಿದೆ ಎಂದು ಅವಳಿಗೆ ಗೊತ್ತಿತ್ತು, ಬರೆಯುವಾಗ ನಾಲ್ಕು ಸಲ ತಾಳೆ ನೋಡಿದ್ದಳು. ಆದರೂ ಅಧಿಕಾರಿಯ ಬೆರಳನ್ನೇ ನೋಡುತ್ತಿದ್ದಳು. ನಡೀತಿದೆ ಎಂದ ಅಧಿಕಾರಿ. ಬೀಗದವನು ತಲೆಯಾಡಿಸಿದ.

ಆಮೇಲೆ ಅರ್ಜಿ ಬಂತು. ಅರ್ಜಿ ತುಂಬುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಪಟಪಟನೆ ತುಂಬುತ್ತ ಬಂದವಳು ಒಂದು ಕಡೆ ನಿಂತಳು. ತಡವಾಗಿ ತಿಳಿಸಲು ಕಾರಣ, ಎಂದಿತ್ತು. ಮುಂದೆ ಒಂದೂವರೆ ಗೆರೆಯಷ್ಟು ಜಾಗ. ಅವಳು ಅಲ್ಲಿ, ನಾನು ತಪ್ಪು ಚೀಟಿ ಕೊಟ್ಟೆ, ಗೊತ್ತಾದ ಮೇಲೂ ನಾಚಿಕೆಯಿಂದ ಹೇಳಲಿಲ್ಲ, ಎಂದು ಬರೆದಳು.

ಅಧಿಕಾರಿ ಅದನ್ನು ಓದಿ ಮುಖ ಮುದುಡಿದ. "ಹೀಗೆಲ್ಲ ಬರೀಬಾರದು ಮೇಡಂ, ನಿಮಗೇ ತೊಂದ್ರೆ. ಅನಿವಾರ್ಯ ಕಾರಣ ಅಂತ ಬರೀರಿ. ಎಲ್ರೂ ಅದನ್ನೇ ಬರಿಯೋದು."

"ಅನಿವಾರ್ಯ ಏನೂ ಇರ್ಲಿಲ್ಲ ಸಾರ್" ಎಂದಳು ಅವಳು. ಹಾಗಾದರೆ ಕಂಪನಿ ಪೂರ್ತಿ ಒಪ್ಪುತ್ತದೋ ಇಲ್ಲವೋ ಹೇಳಲಾಗದು ಎಂದ ಅವನು. ಒಪ್ಪದೆ ಬಿಟ್ಟ ಭಾಗ ತನ್ನ ಮೇಲಿರಲಿ, ಯಂತ್ರ ಮಾತ್ರ ಮೊದಲು ರಿಪೇರಿಗೆ ಹೋಗಲಿ ಎಂದಳು.

ಪೆಟ್ಟು ತಿಂದವರ ಸಹಿಗೆ ಕೆಳಗೆ ಜಾಗವಿತ್ತು. ಅರ್ಜಿ ಬೀಗದವನ ಕೈಗೆ ಹೋಯಿತು. ಅವನು ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಅವಸರವಿಲ್ಲದೆ ಓದಿದ. ಆ ಒಂದೂವರೆ ಗೆರೆಯ ಬಳಿ ಬೆರಳಿಟ್ಟು ಇನ್ನೊಮ್ಮೆ ಓದಿದ. ಆಮೇಲೆ ಸಹಿ ಹಾಕಿದ.

"ಅಕ್ಷರ ಚೆನ್ನಾಗಿದೆ" ಎಂದ. ಅಷ್ಟೇ. ಕನ್ನಡಕ ತೆಗೆದು ಡಬ್ಬಿಗೆ ಹಾಕಿದ, ಮೇಜಿನ ಮೇಲಿದ್ದ ಚೀಟಿಯನ್ನೂ ಎತ್ತಿ ಅದರೊಳಗಿಟ್ಟು ಮುಚ್ಚಿದ. ಅಧಿಕಾರಿಗೆ ತೋರಿಸಬೇಕಿದ್ದ ಯಂತ್ರವನ್ನು ಕಾರಿನಿಂದ ಇಳಿಸಲು ಬ್ರೇಕ್ ಅಕ್ಕ ಅವನಿಗಿಂತ ಮುಂಚೆ ಎದ್ದಳು.